ಜೋಳ ಅಂದ್ರೆ ಎಲ್ಲಾ ಒಂದೇ ಜೋಳ ಅಲ್ಲ: ಕಳೆಮದ್ದು ನೋಡಿ ಬೀಜ ಆರಿಸುವ ಬಗೆ

ಮೇ ತಿಂಗಳ ಕೊನೆಗೆ ಹಾಸನದ ಯಾವ ಬೀಜದಂಗಡಿಗೆ ಹೋದರೂ ಒಂದೇ ದೃಶ್ಯ. ಮೇಜಿನ ಮೇಲೆ ನಾಲ್ಕು ಕೆಜಿಯ ಜೋಳದ ಚೀಲ, ಅದರ ಪಕ್ಕದಲ್ಲೇ ಅಟ್ರಾಜಿನ್ ಎಂಬ ಕಳೆಮದ್ದಿನ ಪೊಟ್ಟಣ. ಇದಕ್ಕೆ ಇದು ಹೊಡೆದರೆ ಏನೂ ಆಗಲ್ವಾ ಅಂತ ಕೇಳಿ ನೋಡಿ. "ಜೋಳ ಅಂದ್ರೆ ಜೋಳ ಕಣಣ್ಣ, ಏನೂ ಆಗಲ್ಲ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಅರ್ಧ ನಿಜ ಅದು. ಉಳಿದ ಅರ್ಧ ಗೊತ್ತಾಗಲು ನನಗೆ ಎರಡು ಗುಂಟೆ ಬೆಳೆ ಹೋಗಬೇಕಾಯಿತು. (ಇಲ್ಲಿ ಜೋಳ ಎಂದರೆ ನಮ್ಮ ಕಡೆಯ ಮುಸುಕಿನ ಜೋಳ. ಬಿಳಿಜೋಳದ ಸೀಮೆಯವರು ತಪ್ಪು ತಿಳಿಯಬೇಡಿ.)

ಈ ವರ್ಷ ಮುಂಗಾರಿಗೆ ಮೊದಲೇ ಮೂವರು ಫೋನ್ ಮಾಡಿದರು. ಅರಕಲಗೂಡಿನ ನನ್ನ ಭಾಮೈದನಿಗೆ ಆಲೂಗೆಡ್ಡೆ ಹಾಕಲೋ ಜೋಳ ಹಾಕಲೋ ಎಂಬ ತೊಳಲಾಟ. ಚನ್ನರಾಯಪಟ್ಟಣದ ಗೆಳೆಯನಿಗೆ ಬೆಂಗಳೂರು ರಸ್ತೆಯ ವ್ಯಾಪಾರಿಯೊಬ್ಬ ಸಿಹಿಜೋಳ ಹಾಕಿದರೆ ಹೊಲದಲ್ಲೇ ಕೊಳ್ಳುತ್ತೇನೆ ಎಂದಿದ್ದಾನೆ. ಅರಸೀಕೆರೆ ಕಡೆಯ ಹಿರಿಯರೊಬ್ಬರು ಜೋಳದೊಳಗೆ ತೊಗರಿ, ಅವರೆಯ ಅಕ್ಕಡಿ ಸಾಲು (ನಡುನಡುವೆ ಬೇರೆ ಬೆಳೆಯ ಸಾಲು) ಹಾಕದೆ ಇರುವವರಲ್ಲ. ಮೂವರ ಕೊನೆಯ ಪ್ರಶ್ನೆ ಮಾತ್ರ ಒಂದೇ: "ಕಳೆ ಕೀಳೋಕೆ ಆಳು ಸಿಗಲ್ಲ. ಔಷಧಿ ಹೊಡೆಯಲೇಬೇಕು. ಯಾವ ಬೆಳೆ, ಯಾವ ತಳಿ ತಡಕೊಳ್ಳುತ್ತೆ?"

ಮೊದಲು ನನ್ನ ಎರಡು ಗುಂಟೆಯ ಕಥೆ ಹೇಳಿಬಿಡುತ್ತೇನೆ. ಮಕ್ಕಳು ಕೇಳುತ್ತಾರೆಂದು ಹೊಲದ ಅಂಚಿಗೆ ಸಿಹಿಜೋಳ ಊರಿದ್ದೆ, ಮಿಕ್ಕ ಒಂದೂವರೆ ಎಕರೆ ಮಾಮೂಲಿ ಹೈಬ್ರಿಡ್. ಇಪ್ಪತ್ತನೇ ದಿನಕ್ಕೆ ಟೆಂಬೋಟ್ರಿಯೋನ್ ಎಂಬ ಕಳೆಮದ್ದು ಕಲಸಿ ಒಂದೇ ಡ್ರಮ್ಮಿನಿಂದ, ಒಂದೇ ಕ್ಯಾನಿನಿಂದ, ಒಂದೇ ಬೆಳಗ್ಗೆ ಎರಡಕ್ಕೂ ಹೊಡೆದೆ. ಆರನೇ ದಿನ ಹೋಗಿ ನೋಡಿದರೆ ಹೈಬ್ರಿಡ್ ಕಡು ಹಸಿರು, ಅದರ ಕೆಳಗೆ ಅಣ್ಣೆ ಸೊಪ್ಪು, ಕಾಡುರಾಗಿ ಬೆಳ್ಳಗಾಗಿ ಸಾಯುತ್ತಿವೆ. ನಾಲ್ಕು ಮಾರು ಆಚೆ ಸಿಹಿಜೋಳವೂ ಹಾಗೇ ಬೆಳ್ಳಗಾಗಿ ನಿಂತಿತ್ತು. ಸುಳಿಯಿಂದ ಹೊರಬಂದ ಹೊಸ ಎಲೆಯಂತೂ ನೋಟುಪುಸ್ತಕದ ಹಾಳೆಯ ಹಾಗೆ, ಹಸಿರಿನ ಒಂದು ಗೆರೆಯೂ ಇಲ್ಲ. ಕಳೆ ಯಾವುದು ಬೆಳೆ ಯಾವುದು ಅಂತ ಔಷಧಿಗೆ ಗೊತ್ತಿರಲಿಲ್ಲ, ಅಷ್ಟೇ.

ಗಿಡ ವಿಷ ತಡೆಯುವುದು ಎರಡು ದಾರಿಯಲ್ಲಿ

ಕಳೆನಾಶಕ ಬೆಳೆಯನ್ನು ಬಿಟ್ಟು ಕಳೆಯನ್ನಷ್ಟೇ ಸುಡುತ್ತದೆ ಎಂದು ನಾವು ತಿಳಿದಿರುತ್ತೇವೆ. ಆದರೆ ಮಣ್ಣಿಗೆ, ಎಲೆಗೆ ಬಿದ್ದ ಮೇಲೆ ಅದು ಇಬ್ಬರೊಳಗೂ ಹೋಗುತ್ತದೆ. ಬೆಳೆ ಅದನ್ನು ಅರಗಿಸಿಕೊಳ್ಳುತ್ತದೆ, ಕಳೆಗೆ ಆ ಶಕ್ತಿ ಇಲ್ಲ. ಮೊದಲನೇ ದಾರಿ ಇದು.

ಅರಗಿಸಿಕೊಳ್ಳುವ ಯಂತ್ರ ಎಲ್ಲ ಔಷಧಿಗೂ ಒಂದೇ ಅಲ್ಲ. ಅಟ್ರಾಜಿನ್ನನ್ನು ಒಡೆಯುವ ಶಕ್ತಿ ಹೆಚ್ಚು ಕಡಿಮೆ ಎಲ್ಲ ಜೋಳಕ್ಕೂ ಹುಟ್ಟಿನಿಂದಲೇ ಬಂದಿದೆ. ಅಂಗಡಿಯವನ ಮಾತು ಅಲ್ಲಿಗೆ ಸರಿ. ಆದರೆ ಟೆಂಬೋಟ್ರಿಯೋನ್, ಮೆಸೋಟ್ರಿಯೋನ್, ನಿಕೋಸಲ್ಫ್ಯೂರಾನ್ ಮುಂತಾದವನ್ನು ಜೋಳ ಒಡೆಯುವುದು ಬಹುಮಟ್ಟಿಗೆ ಒಂದೇ ಒಂದು ಜೀನಿನ ಬಲದಿಂದ. ಅಪ್ಪ ಅಮ್ಮ ಎರಡೂ ಕಡೆಯಿಂದ ಒಳ್ಳೆಯ ಪ್ರತಿ ಬಂದಿದ್ದರೆ ಗಿಡಕ್ಕೆ ಏನೂ ಆಗದು. ಒಂದೇ ಪ್ರತಿ ಇದ್ದರೆ ಒಮ್ಮೊಮ್ಮೆ ತುಸು ಬಿಳಿಚಿ ಸುಧಾರಿಸಿಕೊಳ್ಳುತ್ತದೆ. ಎರಡೂ ಕೆಟ್ಟ ಪ್ರತಿ ಬಂದ ತಳಿ ಬೆಳ್ಳಗಾಗಿ ಕುಸಿಯುತ್ತದೆ. ಸಿಹಿಜೋಳದ ಕೆಲವು ಹೈಬ್ರಿಡ್‌ಗಳಲ್ಲಿ ಈ ಕೊರತೆ ಇರುವುದು ಹಳೆಯ ಸಂಗತಿ. ಚೀಲದ ಮೇಲೆ ಇದನ್ನು ಬರೆದಿರುವುದನ್ನು ನಾನಂತೂ ಕಂಡಿಲ್ಲ.

ಎರಡನೇ ದಾರಿ ಬೀಗ ಬದಲಾಯಿಸಿದ ಹಾಗೆ. ಔಷಧಿ ಹೋಗಿ ಕೂರುವ ಜಾಗವೇ ಗಿಡದಲ್ಲಿ ಬದಲಾಗಿರುತ್ತದೆ, ಬೀಗದ ಕೈ ತಿರುಗುವುದಿಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ (ಐಎಆರ್‌ಐ) 2021ರಲ್ಲಿ ಬಿಡುಗಡೆ ಮಾಡಿದ ಭತ್ತದ ತಳಿಗಳಾದ ಪೂಸಾ ಬಾಸ್ಮತಿ 1979 ಮತ್ತು 1985 ಇಂಥವು. ಇಮಾಝೆಥಪೈರ್ ಎಂಬ ಕಳೆಮದ್ದು ಹೊಡೆದರೂ ನಿಲ್ಲುತ್ತವೆ. ಕುಲಾಂತರಿಯಲ್ಲ, ಮ್ಯುಟೇಶನ್‌ನಿಂದ, ಅಂದರೆ ಗಿಡದ ಜೀನಿನಲ್ಲೇ ಆದ ಬದಲಾವಣೆಯಿಂದ ಬಂದ ಗುಣ. ಗೊರೂರು ನಾಲೆಯ ಕೆಳಗಿನವರು ಕೆಲವರು ಇದರ ಬಗ್ಗೆ ಕೇಳುತ್ತಾರೆ. ಆದರೆ ಅವು ಪಂಜಾಬ್, ಹರಿಯಾಣದ ಕೂರಿಗೆ ಬಿತ್ತನೆಗೆ ಮಾಡಿದ ಬಾಸ್ಮತಿ. ನಮ್ಮ ನಾಟಿ ಗದ್ದೆಯಲ್ಲಿ ನಿಲ್ಲಿಸಿದ ನೀರೇ ಅರ್ಧ ಕಳೆಯನ್ನು ತಡೆಯುವಾಗ ಆ ಬೀಜದ ಹಿಂದೆ ಹೋಗುವ ಅಗತ್ಯ ನನಗೆ ಕಾಣದು.

ಇನ್ನು "ರೌಂಡಪ್ (ಗ್ಲೈಫೋಸೇಟ್ ಕಳೆಮದ್ದು) ಹೊಡೆದರೂ ಸಾಯದ ಜೋಳ" ಅಂತ ಯಾರಾದರೂ ಗುಟ್ಟಾಗಿ ಚೀಲ ತೋರಿಸಿದರೆ ಎದ್ದು ಬನ್ನಿ. ಭಾರತದಲ್ಲಿ ರೈತರು ಬೆಳೆಯಲು ಅಂಥ ಜೋಳಕ್ಕೆ ಅನುಮತಿ ಸಿಕ್ಕಿಲ್ಲ. ಬೆಳೆ ಹೋದರೆ ಬಿಲ್ಲೂ ಇಲ್ಲ, ಕೇಳುವವರೂ ಇಲ್ಲ.

ಬೀಜಕ್ಕೆ ಮೊದಲು ಕೇಳಿಕೊಳ್ಳಬೇಕಾದ್ದು

ತಳಿ ಹೆಸರಿನಿಂದ ಶುರು ಮಾಡಬೇಡಿ. ಹೊಲದಿಂದ ಶುರು ಮಾಡಿ.

ಹೋದ ವರ್ಷ ಯಾವ ಕಳೆ ಕಾಡಿತು? ಅಗಲ ಎಲೆಯ ಕಳೆ, ಹುಲ್ಲು, ಕೊನ್ನಾರಿ ಗಡ್ಡೆ, ಈ ಮೂರಕ್ಕೂ ಮದ್ದು ಬೇರೆ. ಕೊನ್ನಾರಿ ತುಂಬಿದ ಹೊಲಕ್ಕೆ ಅಟ್ರಾಜಿನ್ ಸುರಿದರೆ ದುಡ್ಡು ಮಣ್ಣಿಗೆ.

ಸಾಲಿನ ನಡುವೆ ಏನಾದರೂ ಇರುತ್ತದೆಯೇ? ಒಂದು ಸಾಲು ಅವರೆ ಇದ್ದರೂ ಲೆಕ್ಕ ಪೂರ್ತಿ ತಿರುಗುತ್ತದೆ.

ಇದಾದ ಮೇಲೆ ಅದೇ ಹೊಲಕ್ಕೆ ಏನು? ಈ ಪ್ರಶ್ನೆಯನ್ನು ನಾವು ಯಾರೂ ಕೇಳಿಕೊಳ್ಳುವುದಿಲ್ಲ, ಹಿಂಗಾರಿನಲ್ಲಿ ಹುರುಳಿ ಹಳದಿಯಾದಾಗ ಬೀಜದವನನ್ನು ಬೈಯುತ್ತೇವೆ.

ಹುಳುವಿಗೆ ಏನು ಹೊಡೆಯುತ್ತೀರಿ? ಈಗ ಕಾಡುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದೇ ನಮ್ಮ ರಾಜ್ಯದಲ್ಲಿ, 2018ರಲ್ಲಿ. ಅಂದಿನಿಂದ ಜೋಳಕ್ಕೆ ಕೀಟನಾಶಕ ತಪ್ಪಿದ್ದಲ್ಲ. ಕ್ಲೋರೋಪೈರಿಫಾಸ್ ತರಹದ ಔಷಧಿಗಳು ಗಿಡದ ಅರಗಿಸುವ ಯಂತ್ರವನ್ನೇ ಕೆಲ ದಿನ ಕಟ್ಟಿಹಾಕುತ್ತವೆ. ಆಗ ಗಟ್ಟಿ ತಳಿಯೂ ಸೂಕ್ಷ್ಮ ತಳಿಯ ಹಾಗೆ ವರ್ತಿಸುತ್ತದೆ. ಈ ಕೀಟನಾಶಕ, ಕಳೆಮದ್ದು ಎರಡನ್ನೂ ಒಂದೇ ಕ್ಯಾನಿಗೆ ಹಾಕುವುದಂತೂ ಬೇಡವೇ ಬೇಡ, ನಡುವೆ ಒಂದು ವಾರವಾದರೂ ಬಿಡಿ. ಎಮಾಮೆಕ್ಟಿನ್ ಎಂಬ ಕೀಟನಾಶಕಕ್ಕೆ ಈ ತಕರಾರಿಲ್ಲ.

ಕೊನೆಯದು ಹದ. ಬಿತ್ತಿದ ಮರುದಿನವೋ ಅದರ ಮಾರನೇ ದಿನವೋ ಹೊಡೆಯುವ ಅಟ್ರಾಜಿನ್ ತರಹದ ಮದ್ದಿಗೆ ಮಣ್ಣು ಹಸಿ ಇರಬೇಕು. ಮೃಗಶಿರ ಕೈಕೊಟ್ಟ ವರ್ಷ ಅದು ಮೇಲೇ ಒಣಗುತ್ತದೆ. ಆಗ ಮೊಳೆತ ಮೇಲಿನ ಮದ್ದೇ ಗತಿ, ತಳಿಯ ಸೂಕ್ಷ್ಮ ಪ್ರಶ್ನೆ ಏಳುವುದೂ ಅಲ್ಲೇ.

ಮಾಮೂಲಿ ಕಾಳಿನ ಹೈಬ್ರಿಡ್

ಕಳೆಮದ್ದಿನ ಮಟ್ಟಿಗೆ ಎಲ್ಲಕ್ಕಿಂತ ಧಾರಾಳ ಆಯ್ಕೆ ಇರುವುದು ಇಲ್ಲೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಬಂದ ಹೇಮ, ಎಂಎಎಚ್ 14-5 ಇರಲಿ, ಕಂಪನಿಗಳ ಹೈಬ್ರಿಡ್ ಇರಲಿ, ಅಟ್ರಾಜಿನ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಶೇ. 50ರ ಪುಡಿ ಹಗುರ ಕೆಂಪು ಮಣ್ಣಿಗೆ ಎಕರೆಗೆ 500 ಗ್ರಾಂ, ಜಿಗುಟು ಮಣ್ಣಿಗೆ 800 ಗ್ರಾಂವರೆಗೆ. ಖರ್ಚು ಎಲ್ಲಕ್ಕಿಂತ ಕಡಿಮೆ.

ಮಳೆ ಹಿಡಿದು ಆ ಹದ ತಪ್ಪಿದರೆ ಕಳೆಗೆ ಎರಡರಿಂದ ನಾಲ್ಕು ಎಲೆ ಬಂದಾಗ ಟೆಂಬೋಟ್ರಿಯೋನ್ ಎಕರೆಗೆ 115 ಮಿಲಿ, ಜತೆಗೆ ಕೊಡುವ ಎಣ್ಣೆಯಂಥ ದ್ರವ ಮರೆಯದೆ. ಇಲ್ಲವೇ ಟೋಪ್ರಮೆಝೋನ್ 30 ಮಿಲಿ. ಬೆಲೆ ಹೆಚ್ಚು, ನಿಜ. ಆದರೆ ಎಕರೆ ಕಳೆ ಕೀಳಲು ಹತ್ತು ಹನ್ನೆರಡು ಹೆಣ್ಣಾಳು, ಅವರ ಕೂಲಿ, ಮಧ್ಯಾಹ್ನದ ಊಟ, ಕರೆತರುವ ಆಟೋ ಲೆಕ್ಕ ಹಾಕಿ ನೋಡಿ. ಕೊನ್ನಾರಿ ಒಂದೇ ತೊಂದರೆ ಎಂದಾದರೆ ಹಾಲೋಸಲ್ಫ್ಯೂರಾನ್ 36 ಗ್ರಾಂ.

ಬಹಳ ಜನ ಅಗ್ಗ ಎಂದು 2,4-ಡಿಗೆ ಹೋಗುತ್ತಾರೆ. ಇದು ತಳಿಯಿಂದ ತಳಿಗೆ ಬಹಳ ಬದಲಾಗುವ ಮದ್ದು. ಎಲೆ ಬೆಳ್ಳಗಾಗುವುದಿಲ್ಲವಾದ್ದರಿಂದ ಮೋಸ ಮೊದಲಿಗೆ ಗೊತ್ತಾಗುವುದಿಲ್ಲ. ಕೆಲವು ತಳಿಗಳಲ್ಲಿ ಎಲೆ ಬಿಚ್ಚದೆ ಈರುಳ್ಳಿ ಎಲೆಯ ಹಾಗೆ ಕೊಳವೆಯಾಗುತ್ತದೆ, ಆಸರೆ ಬೇರು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ದಂಟು ಹತ್ತು ಹದಿನೈದು ದಿನ ಗಾಜಿನ ಬಳೆಯ ಹಾಗೆ ಪೆಡಸಾಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮಲ್ಲಿ ಆಷಾಢದ ಗಾಳಿ ಬೀಸುತ್ತದೆ. ಬೆಳಗ್ಗೆ ಹೋಗಿ ನೋಡಿದರೆ ಗೆಣ್ಣಿನಲ್ಲಿ ಪಟ್ ಎಂದು ಮುರಿದ ಜೋಳ. ಎಲ್ಲರೂ ಗಾಳಿಯನ್ನು ದೂರುತ್ತಾರೆ. ಪಕ್ಕದ ಹೊಲದಲ್ಲಿ ಟೊಮೆಟೊ, ಮೆಣಸಿನಗಿಡ ಇದ್ದರೆ ಜಗಳವೂ ಉಚಿತ. ಆಲೂರು, ಸಕಲೇಶಪುರದ ಗಾಳಿ ಬಡಿಯುವ ಇಳಿಜಾರಿನವರಿಗೆ ಇದು ಬೇಡ ಎಂದೇ ಹೇಳುತ್ತೇನೆ.

ಸಿಹಿಜೋಳ, ಪಾಪ್‌ಕಾರ್ನ್

ಚನ್ನರಾಯಪಟ್ಟಣದ ಗೆಳೆಯನಿಗೆ ನಾನು ಹೇಳಿದ್ದು: ಬೆಳೆ, ಆದರೆ ಮೊಳೆತ ಮೇಲೆ ಮದ್ದು ಹೊಡೆಯಲೇಬೇಕು ಎಂಬ ಲೆಕ್ಕದಲ್ಲಿ ಬೆಳೆಯಬೇಡ. ಸಿಹಿಜೋಳದ ಸಸಿ ಮೊದಲೇ ಬಡವ. ಕಾಳಿನಲ್ಲಿ ಪಿಷ್ಟ ಕಡಿಮೆ, ಮೊಳಕೆ ನಿಧಾನ, ಮೊದಲ ಮೂರು ವಾರ ಕಳೆಯ ಎದುರು ನಿಲ್ಲುವ ತಾಕತ್ತು ಕಮ್ಮಿ. ಇದಕ್ಕೆ ಬಿತ್ತಿದ ಎರಡು ದಿನದೊಳಗೆ ಅಟ್ರಾಜಿನ್, ಇಪ್ಪತ್ತೈದನೇ ದಿನಕ್ಕೆ ಎಡೆಕುಂಟೆ, ಬುಡಕ್ಕೆ ಮಣ್ಣು. ಅವನಿಗೆ ಬೋರ್‌ವೆಲ್ ನೀರಿದೆ, ಹದ ತಪ್ಪುವ ಭಯವಿಲ್ಲ. ಮಳೆಯನ್ನೇ ನಂಬಿದವರಿಗೆ ಇದೇ ಸಲಹೆ ಕೊಡುತ್ತಿರಲಿಲ್ಲ.

ಹೊಡೆಯಲೇಬೇಕಾಗಿ ಬಂದರೆ? ಸೂಕ್ಷ್ಮ ತಳಿಗಳ ಮೇಲೂ ಟೋಪ್ರಮೆಝೋನ್ ಮಾಡುವ ಗಾಯ ಟೆಂಬೋಟ್ರಿಯೋನ್, ಮೆಸೋಟ್ರಿಯೋನ್‌ಗಿಂತ ಕಡಿಮೆ. ಆದರೂ ಪರೀಕ್ಷೆ ಮಾಡದೆ ಇಡೀ ಹೊಲಕ್ಕೆ ಹೋಗಬೇಡಿ. ಸಿಹಿಜೋಳದ ಬೀಜದ ಬೆಲೆ ಮಾಮೂಲಿ ಜೋಳದ ಹಾಗಲ್ಲ, ಜತೆಗೆ ವ್ಯಾಪಾರಿಗೆ ಮಾತು ಕೊಟ್ಟಿರುತ್ತೀರಿ. ಬಿಳಿಚಿದ ಗಿಡ ಹತ್ತು ದಿನಕ್ಕೆ ಹಸಿರಾದರೂ ತೆನೆ ಒಂದೇ ಸಲ ಕೊಯ್ಲಿಗೆ ಬರುವುದಿಲ್ಲ, ಲಾರಿ ಒಂದೇ ದಿನ ಬರುತ್ತದೆ.

ಪಾಪ್‌ಕಾರ್ನ್ ತಳಿಗೂ ಇದೇ ಎಚ್ಚರ, 2,4-ಡಿ ವಿಷಯದಲ್ಲಿ ಇನ್ನೂ ಒಂದು ಪಟ್ಟು ಹೆಚ್ಚು. ಹಸುವಿನ ಮೇವಿಗೆ ಹಾಕುವ ಆಫ್ರಿಕನ್ ಟಾಲ್‌ಗೆ ಒತ್ತಾಗಿ ಬಿತ್ತಿದರೆ ಮದ್ದೇ ಬೇಡ, ಅದೇ ಕಳೆಯನ್ನು ಮುಚ್ಚುತ್ತದೆ. ಮೇವಿಗೆ ವಿಷ ಹೊಡೆದು ಸಂಜೆ ಡೈರಿಗೆ ಹಾಲು ಹಾಕುವುದು ನನ್ನ ಮನಸ್ಸಿಗೆ ಒಗ್ಗದ ವಿಷಯ.

ಅಕ್ಕಡಿ ಸಾಲು ಹಾಕುವವರಿಗೆ

ಅರಸೀಕೆರೆಯ ಹಿರಿಯರ ಲೆಕ್ಕ ಬೇರೆ. ಜೋಳ ಕೈಕೊಟ್ಟರೂ ತೊಗರಿ ಮನೆಗೆ ಬರಬೇಕು, ಸಂಕ್ರಾಂತಿಗೆ ಅವರೆ ಇರಬೇಕು. ಇಲ್ಲಿ ಜೋಳದ ತಾಳಿಕೆ ಎಷ್ಟಿದ್ದರೂ ಉಪಯೋಗವಿಲ್ಲ, ಹೊಲದಲ್ಲಿರುವ ಅತಿ ಸೂಕ್ಷ್ಮ ಗಿಡ ಯಾವುದೋ ಅದೇ ಯಜಮಾನ. ಅಟ್ರಾಜಿನ್ ಅವರೆ, ತೊಗರಿ, ಅಲಸಂದೆ ಯಾವುದನ್ನೂ ಬಿಡುವುದಿಲ್ಲ. ಟೆಂಬೋಟ್ರಿಯೋನ್, 2,4-ಡಿ ಕೂಡ ಅಷ್ಟೇ.

ಜೋಳಕ್ಕೂ ಅಕ್ಕಡಿ ಕಾಳಿಗೂ ಒಗ್ಗುವ ಕಳೆಮದ್ದು ಪೆಂಡಿಮೆಥಾಲಿನ್. ಶೇ. 30ರ ದ್ರಾವಣವಾದರೆ ಎಕರೆಗೆ ಸುಮಾರು 1.3 ಲೀಟರ್, ಬಿತ್ತಿದ ದಿನ ಅಥವಾ ಮರುದಿನ. ಒಂದು ಷರತ್ತಿದೆ, ಅದನ್ನು ಯಾರೂ ಹೇಳುವುದಿಲ್ಲ. ಜೋಳ ಈ ಮದ್ದನ್ನು ತಡೆಯುವುದು ಅರಗಿಸಿಕೊಂಡಲ್ಲ, ದೂರ ಇರುವುದರಿಂದ. ಮದ್ದು ಮೇಲ್ಮಣ್ಣಿನ ತೆಳು ಪದರದಲ್ಲೇ ನಿಲ್ಲುತ್ತದೆ, ಬೀಜ ಅದರ ಕೆಳಗಿರಬೇಕು. ಎರಡು ಬೆರಳು ಆಳಕ್ಕೆ ಬಿದ್ದು ಮೇಲೆ ಮಣ್ಣು ಸರಿಯಾಗಿ ಮುಚ್ಚಿದ್ದರೆ ಕ್ಷೇಮ. ನೇಗಿಲ ಸಾಲಿನಲ್ಲಿ ಬೀಜ ಮೇಲೆಯೇ ಕಾಣುತ್ತಿದ್ದರೆ ಬೇರು ಗಿಡ್ಡಾಗಿ ದಪ್ಪಗಾಗಿ ನಿಲ್ಲುತ್ತದೆ, ಯಾವ ತಳಿಯಾದರೂ. ಕೂರಿಗೆಯವರು ನಿಶ್ಚಿಂತೆಯಿಂದ ಇರಬಹುದು.

ಪೆಂಡಿಮೆಥಾಲಿನ್ ಮೊಳೆತ ಕಳೆಯನ್ನು ಕೊಲ್ಲದು, ಕೊನ್ನಾರಿಯನ್ನಂತೂ ಮುಟ್ಟದು. ತಿಂಗಳಿಗೊಮ್ಮೆ ಕುಂಟೆ ಹೊಡೆಯುವ ಎತ್ತೋ ಪವರ್ ವೀಡರೋ ಇದ್ದವರಿಗೆ ಮಾತ್ರ ಈ ದಾರಿ. ಎರಡೂ ಇಲ್ಲ, ಆಳೂ ಇಲ್ಲ ಎನ್ನುವವರು ಅವರೆಯನ್ನು ಬೇರೆ ತುಂಡಿನಲ್ಲಿ ಹಾಕಿಕೊಳ್ಳುವುದೇ ಮೇಲು.

ರಾಗಿಯ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಜಿಪಿಯು-28 ಆಗಲಿ ಎಂಎಲ್-365 ಆಗಲಿ, ಕಳೆಮದ್ದು ನೋಡಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವಂಥ ಅಂತರ ನನಗೆ ಕಂಡಿಲ್ಲ. ರಾಗಿಗೆ ಕುಂಟೆಯೇ ಔಷಧಿ.

ಆಲೂಗೆಡ್ಡೆ: ತಳಿಯಷ್ಟೇ ಮೋಡವನ್ನೂ ನೋಡಿ

ಭಾಮೈದನ ಪ್ರಶ್ನೆಗೆ ಬಂದೆ. ಅಂಗಮಾರಿ ರೋಗದ ಹೊಡೆತಕ್ಕೆ ಆಲೂಗೆಡ್ಡೆ ಬಿಟ್ಟು ಜೋಳಕ್ಕೆ, ಶುಂಠಿಗೆ ಹೋದವರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ. ಆದರೂ ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಪಂಜಾಬಿನ ಬಿತ್ತನೆ ಗೆಡ್ಡೆಯ ಲಾರಿ ಬಂದರೆ ಕೈ ತುರಿಸುತ್ತದೆ.

ಆಲೂಗೆಡ್ಡೆಗೆ ಇರುವ ಮುಖ್ಯ ಕಳೆಮದ್ದು ಮೆಟ್ರಿಬ್ಯೂಜಿನ್. ತಳಿಗಳ ಅಂತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಗಿಡ ಇದನ್ನು ಒಡೆದು ಬಿಸಾಡಬೇಕು, ಕೆಲವು ತಳಿ ಬೇಗ ಒಡೆಯುತ್ತವೆ, ಕೆಲವು ನಿಧಾನ. ಚಿಪ್ಸ್‌ಗೆ ಬೆಳೆಯುವ ಅಟ್ಲಾಂಟಿಕ್ ಸೂಕ್ಷ್ಮ ತಳಿಗಳ ಪಟ್ಟಿಯಲ್ಲಿ ಮೊದಲು ಬರುವ ಹೆಸರು. ಬೇಗ ಬಲಿಯುವ, ನುಣುಪು ಬಿಳಿ ಅಥವಾ ಕೆಂಪು ಸಿಪ್ಪೆಯ ತಳಿಗಳಿಗೆ ತೊಂದರೆಯಾಗಬಹುದು ಎಂದು ವಿದೇಶದ ಲೇಬಲ್‌ಗಳಲ್ಲೇ ಬರೆದಿರುತ್ತಾರೆ. ಗಾಯವಾದರೆ ನರ ಹಸಿರಾಗಿಯೇ ಉಳಿದು ನಡುವಿನ ಎಲೆ ಹಳದಿಯಾಗುತ್ತದೆ, ಆಮೇಲೆ ಅಂಚು ಸುಡುತ್ತದೆ. ಅಂಗಮಾರಿ ಬಂತೆಂದು ಹೆದರಿ ಇನ್ನೊಂದು ಔಷಧಿ ಹೊಡೆಯುವವರೂ ಇದ್ದಾರೆ.

ನಮ್ಮ ಊರಿಗೆ ಮಾತ್ರ ಅನ್ವಯಿಸುವ ಇನ್ನೊಂದು ಸಂಗತಿ ಇದೆ. ಮೂರು ನಾಲ್ಕು ದಿನ ಮೋಡ ಮುಚ್ಚಿ ತಂಪಾಗಿದ್ದರೆ ಆಲೂಗೆಡ್ಡೆಯ ಎಲೆ ಎಳಸಾಗಿರುತ್ತದೆ, ಮೆಟ್ರಿಬ್ಯೂಜಿನ್ ಅರಗಿಸುವ ಶಕ್ತಿಯೂ ಕುಂದಿರುತ್ತದೆ. ತಾಳಿಕೊಳ್ಳುವ ತಳಿಯೂ ಆಗ ಸೋಲುತ್ತದೆ. ಪಂಜಾಬಿನಲ್ಲಿ ಆಲೂಗೆಡ್ಡೆ ಚಳಿಗಾಲದ ಬಿಸಿಲಿನ ಬೆಳೆ. ನಮ್ಮದು ಮುಂಗಾರಿನ ಬೆಳೆ, ಜೂನ್ ಜುಲೈ ಜಡಿಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಅಲ್ಲಿಯ ಅನುಭವ ಇಲ್ಲಿಗೆ ಹಾಗೇ ಹೊಂದುವುದಿಲ್ಲ.

ಅದಕ್ಕೇ ಹಾಸನದ ಮುಂಗಾರಿಗೆ ಮೊಳಕೆ ಮೇಲೆ ಬರುವ ಮೊದಲೇ, ನೆಟ್ಟ ಮೂರು ನಾಲ್ಕನೇ ದಿನ ಹೊಡೆಯುವುದು ನನ್ನ ಆಯ್ಕೆ. ಶೇ. 70ರ ಪುಡಿ ಎಕರೆಗೆ 200ರಿಂದ 300 ಗ್ರಾಂ, ಮರಳು ಬೆರೆತ ಕೆಂಪು ಮಣ್ಣಾದರೆ ಕೆಳಗಿನ ಪ್ರಮಾಣ. ಆ ಹದ ತಪ್ಪಿದರೆ ಬಿಸಿಲು ಬರುವ ತನಕ ಸ್ಪ್ರೇಯರ್ ಮುಟ್ಟಬೇಡಿ. ಹೇಗಿದ್ದರೂ ಮಣ್ಣು ಏರಿಸುವ ಕೆಲಸ ಇದ್ದೇ ಇದೆ, ಅರ್ಧ ಕಳೆ ಅಲ್ಲೇ ಹೂತುಹೋಗುತ್ತದೆ. ಕುಫ್ರಿ ಜ್ಯೋತಿ, ಕುಫ್ರಿ ಹಿಮಾಲಿನಿ ಹಾಕುವವರು ತಳಿಯನ್ನು ಅಂಗಮಾರಿ ನೋಡಿ ಆರಿಸಲಿ, ಕಳೆಮದ್ದು ನೋಡಿ ಅಲ್ಲ. ಚಿಪ್ಸ್ ಕಂಪನಿಯವರು ಕೊಡುವ ಗೆಡ್ಡೆ ಹಾಕುವವರು ಮಾತ್ರ ಮೊದಲೇ ತಳಿಯ ಹೆಸರು ಕೇಳಿ, ಮೆಟ್ರಿಬ್ಯೂಜಿನ್ ಹೊಡೆಯಬಹುದೇ ಎಂದು ಬರಹದಲ್ಲಿ ತೆಗೆದುಕೊಳ್ಳಿ.

ಭಾಮೈದನಿಗೆ ಎರಡು ಎಕರೆ, ಗಂಡ ಹೆಂಡತಿ ಇಬ್ಬರೇ ಕೆಲಸಕ್ಕೆ, ಕೈಯಲ್ಲಿ ಬಂಡವಾಳ ಕಡಿಮೆ. ಕಳೆಯ ಲೆಕ್ಕದಿಂದ ನೋಡಿದರೆ ಅವನಿಗೆ ಕಾಳಿನ ಜೋಳವೇ ಸರಿ, ತಪ್ಪನ್ನು ಮನ್ನಿಸುವ ಗುಣ ಅದಕ್ಕಿದೆ. ಅರ್ಧ ಎಕರೆ ಆಲೂಗೆಡ್ಡೆ ಹಾಕಿಯೇ ತೀರುತ್ತೇನೆ ಎಂದಿದ್ದಾನೆ, ಹಾಕಲಿ.

ಮುಂದಿನ ಬೆಳೆಯ ಲೆಕ್ಕ

ಜೋಳಕ್ಕೆ ಅಟ್ರಾಜಿನ್ ತುಂಬಾ ಹಿತ, ಆದರೆ ಅದು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಳೆ ಚೆನ್ನಾಗಿದ್ದರೆ ಬೇಗ ಕರಗುತ್ತದೆ, ಮಳೆ ಕಡಿಮೆಯಾದ ವರ್ಷ ಮತ್ತು ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ನಿಧಾನ. ಕಡೂರು, ಅರಸೀಕೆರೆಯ ಒಣ ಕಡೆಯವರು ಇದನ್ನು ಗಮನಿಸಬೇಕು. ಜೋಳದ ಹಿಂದೆ ಹುರುಳಿ, ಅವರೆ, ತರಕಾರಿ ಹಾಕುವವರು ಕೊಯ್ಲಾದ ಮೇಲೆ ಹೊಲದ ನಾಲ್ಕಾರು ಕಡೆಯಿಂದ ಮೂರು ಇಂಚು ಆಳದ ಮಣ್ಣು ತಂದು ಒಂದು ಕುಂಡಕ್ಕೆ ತುಂಬಿ, ಇನ್ನೊಂದಕ್ಕೆ ಎಂದೂ ಮದ್ದು ಕಾಣದ ಹಿತ್ತಲಿನ ಮಣ್ಣು. ಎರಡರಲ್ಲೂ ಸೌತೆ ಅಥವಾ ಹುರುಳಿಕಾಯಿ ಬೀಜ ಊರಿ ಎರಡು ಮೂರು ವಾರ ನೋಡಿ. ಹೊಲದ ಮಣ್ಣಿನ ಸಸಿ ಹಳದಿಯಾದರೆ ಹಿಂಗಾರಿಗೆ ಇನ್ನೊಂದು ಜೋಳವೋ ಮೇವೋ ಹಾಕಿಕೊಳ್ಳಿ.

ತಳಿಯ ತಾಳಿಕೆ ನೋಡಲೂ ಇದೇ ತರಹದ ಮನೆ ಪರೀಕ್ಷೆ ಸಾಕು. ಬೀಜ ಕೊಂಡ ಚೀಲದಿಂದ ಐವತ್ತು ಕಾಳು ಮೊದಲೇ ಹಿತ್ತಲಲ್ಲಿ ಊರಿ, ನೀರು ಕೊಡಿ. ಮೂರು ನಾಲ್ಕು ಎಲೆ ಬಂದಾಗ ಒಂದು ಭಾಗ ಹಾಗೇ ಬಿಡಿ, ಒಂದಕ್ಕೆ ಲೇಬಲ್ಲಿನಷ್ಟು, ಇನ್ನೊಂದಕ್ಕೆ ಅದರ ಎರಡರಷ್ಟು ಹೊಡೆಯಿರಿ. ಎರಡರಷ್ಟು ಯಾಕೆಂದರೆ ಬದುವಿನ ಹತ್ತಿರ ತಿರುಗುವಾಗ, ಸಾಲಿನ ಮೇಲೆ ಸಾಲು ಬೀಳುವಾಗ ಅಷ್ಟೇ ಬೀಳುತ್ತದೆ, ನಾವು ಎಷ್ಟೇ ಜಾಣರಾದರೂ. ಹತ್ತನೇ ದಿನ ಬೆಳಗ್ಗೆ ಸುಳಿಯ ಎಲೆ ಬಿಡಿಸಿ ನೋಡಿ. ಹಸಿರಿದ್ದರೆ ಉಳಿದ ಚೀಲ ಬಿಚ್ಚಬಹುದು.